ಅತಿಥಿಯೂ ಅಲ್ಲ, ಆಳೂ ಅಲ್ಲ: ಮೈಸೂರಿನ ಒಂದು ಹೋಟೆಲ್ ತರಬೇತಿ ಶಾಲೆಯ ವಿನಿಮಯ ಪ್ರಕರಣ

ಫಿನ್‌ಲ್ಯಾಂಡಿನಿಂದ ಬಂದ ಇಬ್ಬರು ವಿದ್ಯಾರ್ಥಿಗಳು ನಮ್ಮ ಅಡುಗೆಮನೆಯಲ್ಲಿ ಮೊದಲ ವಾರ ಒಂದು ಈರುಳ್ಳಿಯನ್ನೂ ಹೆಚ್ಚಲಿಲ್ಲ. ಅವರು ಚಾಕು ಹಿಡಿದಾಗಲೆಲ್ಲ ಯಾರಾದರೂ ಓಡಿ ಬಂದು, "ಕೊಡಿ ಕೊಡಿ, ನಾವು ಮಾಡ್ತೀವಿ, ನೀವು ಕೂತ್ಕೊಳ್ಳಿ" ಅನ್ನುತ್ತಿದ್ದರು. ಫ್ಯಾನಿನ ಕೆಳಗೆ ಅವರಿಗಾಗಿ ಎರಡು ಕುರ್ಚಿ ಹಾಕಿದ್ದರು. ಹನ್ನೊಂದು ಗಂಟೆಗೆ ಎಳನೀರು, ನಾಲ್ಕು ಗಂಟೆಗೆ ಕಾಫಿ. ಶುಕ್ರವಾರ ಸಂಜೆ ಅವರಲ್ಲಿ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಾವೇನಾದರೂ ತಪ್ಪು ಮಾಡಿದೆವಾ? ನಮಗೆ ಯಾಕೆ ಯಾರೂ ಕೆಲಸ ಕೊಡುತ್ತಿಲ್ಲ?"

ಒಪ್ಪಂದಕ್ಕೆ ಸಹಿ ಬಿದ್ದು ಆಗಲೇ ಒಂದು ವರ್ಷವಾಗಿತ್ತು. ಆದರೆ ನಮ್ಮ ವಿನಿಮಯ ಕಾರ್ಯಕ್ರಮ ನಿಜವಾಗಿ ಶುರುವಾಗಿದ್ದು ಆ ಪ್ರಶ್ನೆಯಿಂದ ಅಂತ ನಾನು ಲೆಕ್ಕ ಹಾಕುತ್ತೇನೆ. ಬೇರೆ ಊರಿನ ಇಂಥ ಶಾಲೆಗಳಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮದು ಒಂದು ಟ್ರಸ್ಟ್ ನಡೆಸುವ ಚಿಕ್ಕ ಶಾಲೆ. ಅಡುಗೆ ಮತ್ತು ಸರ್ವಿಸ್ ಎರಡನ್ನೂ ಕಲಿಸುವ ಡಿಪ್ಲೊಮಾ. ಮಕ್ಕಳಲ್ಲಿ ಜಾಸ್ತಿ ಜನ ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡು, ಎಚ್.ಡಿ. ಕೋಟೆ ಕಡೆಯವರು. ಕೆಲವರು ಬೆಳಗಿನ ರೈಲಿಗೆ ಮಂಡ್ಯದಿಂದ ಬಂದು ಸಂಜೆ ವಾಪಸ್ ಹೋಗುತ್ತಾರೆ. ಶಾಲೆಗೆ ಸೇರಿದ ಒಂದು ಟ್ರೈನಿಂಗ್ ರೆಸ್ಟೋರೆಂಟ್ ಇದೆ. ಮಧ್ಯಾಹ್ನ ಊಟಕ್ಕೆ ಹೊರಗಿನವರೂ ಬರುತ್ತಾರೆ. ನಾನು ಸರ್ವಿಸ್ ವಿಭಾಗದ ಬೋಧಕ. ವಿನಿಮಯದ ಪತ್ರ ವ್ಯವಹಾರ, ವೀಸಾ, ವಸತಿ ಎಲ್ಲ ನನ್ನ ಪಾಲಿಗೆ ಬಂದಿತ್ತು.

ಮೊದಲು ಕೈ ಸುಟ್ಟುಕೊಂಡದ್ದು

ಫಿನ್‌ಲ್ಯಾಂಡಿನ ಮಾತು ಬರುವ ಮೊದಲು ಒಬ್ಬ ಏಜೆಂಟ್ ಬಂದಿದ್ದರು. ವಿದೇಶದ ಒಂದು ರೆಸಾರ್ಟ್‌ನಲ್ಲಿ ಆರು ತಿಂಗಳ 'ಅಂತರರಾಷ್ಟ್ರೀಯ ವಿನಿಮಯ' ಅಂತ ಹೇಳಿದರು. ವಿನಿಮಯ ಅಂದರೆ ಅಲ್ಲಿಂದ ಯಾರು ಬರುತ್ತಾರೆ ಅಂತ ನಾವು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಶಾಲೆಯ ಬ್ರೋಷರ್‌ನಲ್ಲಿ ಒಂದು ಒಳ್ಳೆಯ ಸಾಲು ಸಿಗುತ್ತದೆ ಅನ್ನುವ ಆಸೆ ಎಲ್ಲರಿಗೂ ಇತ್ತು.

ಹೋದವರಲ್ಲಿ ಮದ್ದೂರು ಕಡೆಯ ಒಬ್ಬ ಹುಡುಗಿ ಇದ್ದಳು. ತಂದೆ ಕಬ್ಬಿನ ದುಡ್ಡು ಬರುವವರೆಗೆ ಕಾದು ಏಜೆಂಟ್‌ಗೆ ಹಣ ಕಟ್ಟಿದ್ದರು. ಆರು ತಿಂಗಳೂ ಅವಳನ್ನು ನಿಲ್ಲಿಸಿದ್ದು ಬೆಳಗಿನ ಬಫೆಯ ಮೊಟ್ಟೆ ಕೌಂಟರ್‌ನಲ್ಲಿ. ಆಮ್ಲೆಟ್, ಬುಲ್ಸ್ ಐ, ಮತ್ತೆ ಆಮ್ಲೆಟ್. ವಾಪಸ್ ಬಂದ ಮೇಲೆ ಅವಳ ಲಾಗ್‌ಬುಕ್ ತೆಗೆದು ನೋಡಿದೆ. ಪುಟದ ಮೇಲೆ ಪುಟ ಒಂದೇ ಸಾಲು: 'ಬ್ರೇಕ್‌ಫಾಸ್ಟ್ ಡ್ಯೂಟಿ, ಎಗ್ ಕೌಂಟರ್.' ಕೈಬರಹ ಮೊದಲ ಪುಟಗಳಲ್ಲಿ ಅಚ್ಚುಕಟ್ಟಾಗಿತ್ತು. ಕೊನೆಕೊನೆಗೆ ಬರೀ ಅದೇ ಅಂತ ಎರಡು ಚುಕ್ಕಿ ಹಾಕಿದ್ದಳು. ಅಲ್ಲಿ ಅವಳು ಏನು ಕಲಿಯಬೇಕು ಅಂತ ಮೊದಲೇ ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಆ ಆರು ತಿಂಗಳನ್ನು ನಮ್ಮ ಪರೀಕ್ಷಾ ವಿಭಾಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಜೂನಿಯರ್ ಬ್ಯಾಚಿನ ಜೊತೆ ಮತ್ತೆ ಕೂತು ಒಂದು ಸೆಮಿಸ್ಟರ್ ಮುಗಿಸಿದಳು.

ಈ ವಿಷಯದಲ್ಲಿ ನನಗೆ ಇವತ್ತಿಗೂ ಸಮಾಧಾನವಿಲ್ಲ. ಏಜೆಂಟ್ ಮೇಲೆ ಕೋಪ ಇದೆ, ನಿಜ. ಆದರೆ ಸಹಿ ಹಾಕಿ ಕಳಿಸಿದವರು ನಾವು. ಮಕ್ಕಳನ್ನು ಆಳು ಲೆಕ್ಕದಲ್ಲಿ ಕರೆಸಿಕೊಳ್ಳುವ ಜಾಗಕ್ಕೆ ವಿನಿಮಯ ಅನ್ನುವ ಹೆಸರು ಕೊಡಬಾರದು.

ಒಪ್ಪಂದ ಫೈಲಿನಲ್ಲಿ ಮಲಗಿದ್ದು

ಆಮೇಲೆ ಒಬ್ಬ ಹಳೆಯ ವಿದ್ಯಾರ್ಥಿಯ ಪರಿಚಯದಿಂದ ಫಿನ್‌ಲ್ಯಾಂಡಿನ ಒಂದು ವೃತ್ತಿ ಶಿಕ್ಷಣ ಸಂಸ್ಥೆಯ ಸಂಪರ್ಕ ಸಿಕ್ಕಿತು. ಅಲ್ಲಿ ಹೋಟೆಲ್, ಕೇಟರಿಂಗ್ ಕಲಿಯುವ ಮಕ್ಕಳಿಗೆ ಯುರೋಪ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯ ಅನುದಾನ ಬರುತ್ತದೆ. ಎರಾಸ್ಮಸ್ 1987ರಲ್ಲಿ ವಿಶ್ವವಿದ್ಯಾಲಯದ ಮಕ್ಕಳಿಗಾಗಿ ಶುರುವಾದದ್ದು. ಈಗ ವೃತ್ತಿ ಶಿಕ್ಷಣ, ಶಾಲೆ, ಸಿಬ್ಬಂದಿ ಎಲ್ಲವೂ ಅದರೊಳಗಿದೆ. ಸದ್ಯದ ಅವಧಿ 2021ರಿಂದ 2027. ವೃತ್ತಿ ಶಿಕ್ಷಣ ಸಂಸ್ಥೆಯೊಂದು ತನ್ನ ಅನುದಾನದಲ್ಲಿ 20% ತನಕ ಯುರೋಪಿನ ಹೊರಗೆ, ಅಂದರೆ ನಮ್ಮಂಥ ದೇಶಗಳಿಗೆ ಮಕ್ಕಳನ್ನು ಮತ್ತು ಸಿಬ್ಬಂದಿಯನ್ನು ಕಳಿಸಲು ಬಳಸಬಹುದು. ಹಾಗಾಗಿ ಅವರಿಗೆ ಇಲ್ಲಿಗೆ ಬರಲು ದಾರಿ ಇತ್ತು. ನಮ್ಮ ಮಕ್ಕಳಿಗೆ ಅಲ್ಲಿಗೆ ಹೋಗಲು ಅಂಥ ದುಡ್ಡು ಎಲ್ಲಿಂದಲೂ ಇರಲಿಲ್ಲ.

ಒಪ್ಪಂದಕ್ಕೆ ಸಹಿ ಹಾಕಲು ನಮ್ಮ ಕಡೆಯಿಂದ ಆಡಳಿತ ಮಂಡಳಿಯ ಇಬ್ಬರು ಹೋಗಿ ಬಂದರು. ಫೋಟೊ ಬಂತು, ಫೈಲ್ ಬಂತು. ಅಡುಗೆಮನೆಗೆ ಏನೂ ಬರಲಿಲ್ಲ. ಹೋದವರ ಮನಸ್ಸು ಒಳ್ಳೆಯದೇ. ಆದರೆ ಅವರು ದಿನಾ ಮಕ್ಕಳ ಕೈಗೆ ಚಾಕು ಕೊಡುವವರಲ್ಲ. ಅಲ್ಲಿ ಪಾಠ ಹೇಗೆ ನಡೆಯುತ್ತದೆ, ಬೆಳಗ್ಗೆ ಎಷ್ಟು ಗಂಟೆಗೆ ಒಲೆ ಹಚ್ಚುತ್ತಾರೆ, ಕೆಟ್ಟ ಸಾಸ್ ಮಾಡಿದ ಹುಡುಗನಿಗೆ ಮೇಷ್ಟ್ರು ಏನು ಹೇಳುತ್ತಾರೆ, ಇದೆಲ್ಲ ಅವರ ಕಣ್ಣಿಗೆ ಬೀಳುವುದಿಲ್ಲ. ಅಡುಗೆ ಬೋಧಕನ ಕಣ್ಣಿಗೆ ಮಾತ್ರ ಬೀಳುತ್ತದೆ.

ಒಂದು ವರ್ಷದ ನಂತರ ಆ ಇಬ್ಬರು ವಿದ್ಯಾರ್ಥಿಗಳು ಬಂದರು. ಬಂದವರನ್ನು ಏನು ಮಾಡಬೇಕು ಅಂತ ಅಡುಗೆಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಬಂದವರನ್ನು ಉಪಚರಿಸುವುದು. ನಾವು ಕಲಿಸುವುದೇ ಅದನ್ನಲ್ವಾ?

ಮೈಸೂರಿಗೆ ಪರದೇಶದವರು ಹೊಸಬರಲ್ಲ. ಲಲಿತ ಮಹಲ್ ಅರಮನೆ ಕಟ್ಟಿದ್ದೇ ವೈಸ್‌ರಾಯ್ ಬಂದಾಗ ಉಳಿದುಕೊಳ್ಳಲಿ ಅಂತ, ಅಡಿಗಲ್ಲು ಹಾಕಿದ್ದು 1921ರಲ್ಲಿ. 1974ರಲ್ಲಿ ಅದು ಹೋಟೆಲ್ ಆಯಿತು. ಇನ್ನು ಗೋಕುಲಂ ಕಡೆ ಹೋದರೆ ಯೋಗ ಕಲಿಯಲು ಬಂದವರು ದಶಕಗಳಿಂದ ಕಾಣುತ್ತಾರೆ. ಬೆಳಗಿನ ಜಾವ ಚಾಪೆ ಸುತ್ತಿಕೊಂಡು ನಡೆದು ಹೋಗುತ್ತಾರೆ. ಅಲ್ಲಿ ಅವರು ಶಿಷ್ಯರು. ಬೆನ್ನು ಬಗ್ಗದಿದ್ದರೆ ಗುರುಗಳು ಬಗ್ಗಿಸುತ್ತಾರೆ. ಅದೇ ಜನ ನಮ್ಮ ಅಡುಗೆಮನೆಗೆ ಬಂದರೆ ಮಾತ್ರ ನಾವು ಕುರ್ಚಿ ಎಳೆದು ಹಾಕುತ್ತೇವೆ. ಈ ಮಾತನ್ನು ನಾನು ಸಿಬ್ಬಂದಿ ಸಭೆಯಲ್ಲಿ ಹೇಳಿದಾಗ ಅಡುಗೆ ಮೇಷ್ಟ್ರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ನಮ್ಮ ಹತ್ರ ಅವರು ಶಿಷ್ಯರಾಗೋಕೆ ಏನಿದೆ ಅಂತ ಮೊದಲು ನಾವು ಬರೀಬೇಕು ಸಾರ್" ಅಂದರು.

ಮೇಷ್ಟ್ರು ಹೋದರು

ಎರಡನೇ ವರ್ಷ ಯಾವ ವಿದ್ಯಾರ್ಥಿಯನ್ನೂ ಕಳಿಸುವುದು ಬೇಡ, ಮೇಷ್ಟ್ರನ್ನೇ ಕಳಿಸೋಣ ಅಂತ ಪ್ರಿನ್ಸಿಪಾಲರನ್ನು ಒಪ್ಪಿಸಿದೆವು. ಇದು ಸುಲಭವಾಗಿ ಆಗಲಿಲ್ಲ. ಮೇಷ್ಟ್ರ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಡಿಗ್ರಿ ಓದಿದವರಲ್ಲ, ಇಪ್ಪತ್ತು ವರ್ಷ ಹೋಟೆಲ್‌ಗಳ ಒಲೆ ಮುಂದೆ ನಿಂತು ಬಂದವರು. ಅವರು ಮೂರು ವಾರ ಇಲ್ಲದಿದ್ದರೆ ಪ್ರಾಕ್ಟಿಕಲ್ ಯಾರು ಮಾಡಿಸುತ್ತಾರೆ ಅನ್ನುವ ಪ್ರಶ್ನೆ ಬಂತು. ಊರಿನಲ್ಲೇ ಇದ್ದ ಒಬ್ಬ ನಿವೃತ್ತ ಹೋಟೆಲ್ ಅಡುಗೆಯವರನ್ನು ಆ ಮೂರು ವಾರಕ್ಕೆ ಕರೆದುಕೊಂಡೆವು. ಸಿಬ್ಬಂದಿ ವಿನಿಮಯದ ಯೋಜನೆ ಬರೆಯುವವರು ಟಿಕೆಟ್ ಖರ್ಚಿನ ಪಕ್ಕದಲ್ಲೇ ಬದಲಿ ಬೋಧಕರ ಖರ್ಚನ್ನೂ ಬರೆಯಬೇಕು. ಇಲ್ಲದಿದ್ದರೆ ಹೋದವರ ಕೆಲಸ ಉಳಿದವರ ತಲೆ ಮೇಲೆ ಬಿದ್ದು, ಮುಂದಿನ ಸಲ ಯಾರೂ ಒಪ್ಪುವುದಿಲ್ಲ.

ಮೇಷ್ಟ್ರು ಹೋದ ಎರಡನೇ ದಿನವೇ ರಾತ್ರಿ ಫೋನ್ ಮಾಡಿದರು. ಅಲ್ಲಿನ ಟ್ರೈನಿಂಗ್ ರೆಸ್ಟೋರೆಂಟಿನ ಮಧ್ಯಾಹ್ನದ ಊಟ ಮುಗಿದಿತ್ತಂತೆ. ಅಲ್ಲಿನ ಶಿಕ್ಷಕಿ ಏಪ್ರನ್ ಬಿಚ್ಚದೆ ಸೀದಾ ಹೋಗಿ ಮಾಪ್ ತಂದರು. ಮೇಷ್ಟ್ರು ಗೋಡೆ ಪಕ್ಕ ಸರಿದು ನಿಂತರು. ಹದಿನೇಳು ವರ್ಷದ ಒಬ್ಬ ಹುಡುಗ ಬಂದು ಅವರ ಕೈಗೆ ನೀರು ಎಳೆಯುವ ವೈಪರ್ ಕೊಟ್ಟ. ಏನೂ ಹೇಳಲಿಲ್ಲ. ಕೊಟ್ಟು, ತಾನು ಸಿಂಕ್ ಉಜ್ಜಲು ಹೋದ. "ಸಾರ್, ಇಲ್ಲಿ ನೆಲ ಒರೆಸೋಕೆ ಅಂತ ಬೇರೆ ಜನ ಇಲ್ಲ. ಮಾಡಿದವರೇ ಒರೆಸ್ತಾರೆ. ನಾನೂ ಎಳೆದೆ" ಅಂದರು. ದನಿಯಲ್ಲಿ ಬೇಜಾರು ಇರಲಿಲ್ಲ. ಏನೋ ಹುಡುಕುತ್ತಿದ್ದದ್ದು ಸಿಕ್ಕಿದ ಹಾಗಿತ್ತು.

ಇನ್ನೂ ಎರಡು ವಿಷಯ ಅವರು ಗಮನಿಸಿ ಬಂದರು. ಅಲ್ಲಿ ರೆಸಿಪಿ ಅಂದರೆ ಗ್ರಾಮ್ ಲೆಕ್ಕ. ಮೊದಲ ದಿನ ಒಂದು ಸಾಸ್ ಮಾಡಲು ಹೇಳಿದಾಗ ಇವರು ಕಣ್ಣಳತೆಯಲ್ಲಿ ಮಾಡಿದರು, ರುಚಿ ಚೆನ್ನಾಗಿತ್ತು. ಆದರೆ ಪಕ್ಕದ ಹುಡುಗಿ "ಎಷ್ಟು ಹಾಕಿದಿರಿ?" ಅಂತ ಬರೆದುಕೊಳ್ಳಲು ಕೇಳಿದಾಗ ಇವರಿಗೆ ಹೇಳಲು ಆಗಲಿಲ್ಲ. ಎರಡನೆಯದು, ಪ್ರತಿ ಹುಡುಗನಿಗೂ ಬೇರೆ ಬೇರೆ ಕಲಿಕೆಯ ಯೋಜನೆ. ಫಿನ್‌ಲ್ಯಾಂಡಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ವೃತ್ತಿ ಶಿಕ್ಷಣದ ಪ್ರತಿ ವಿದ್ಯಾರ್ಥಿಗೂ ಅವನದೇ ಯೋಜನೆ ಬರೆಯಬೇಕು. ಅವನಿಗೆ ಈಗಾಗಲೇ ಏನು ಬರುತ್ತದೆ, ಏನು ಬರಬೇಕು, ಎಲ್ಲಿ ಕಲಿಯುತ್ತಾನೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಪೂರ್ತಿ ಅರ್ಹತೆಗೆ 180 ಅಂಕ. ಆ ಅಂಕ ಸಿಗುವುದು ಎಷ್ಟು ಗಂಟೆ ಕೂತ ಅಂತ ನೋಡಿ ಅಲ್ಲ, ನಿಜವಾದ ಕೆಲಸದ ಜಾಗದಲ್ಲಿ ಕೆಲಸ ಮಾಡಿ ತೋರಿಸಿದಾಗ.

ಮೇಷ್ಟ್ರು ವಾಪಸ್ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ಎರಡು ಬದಲಾವಣೆ ಬೇಕು ಅಂದರು. ತಕ್ಕಡಿ ಬೇಕು. ಪಾತ್ರೆ ತೊಳೆಯುವ ಸರದಿಯಲ್ಲಿ ಎಲ್ಲ ಮಕ್ಕಳೂ, ಬೋಧಕರೂ ಇರಬೇಕು.

ತಕ್ಕಡಿ ಒಂದು ವಾರದಲ್ಲಿ ಬಂತು. ಎರಡನೆಯದಕ್ಕೆ ಇಡೀ ವರ್ಷ ಹಿಡಿಯಿತು. ಒಬ್ಬ ಹುಡುಗನ ತಂದೆ ಊರಿಂದ ಬಂದು ಪ್ರಿನ್ಸಿಪಾಲರ ಮುಂದೆ ನಿಂತು, "ನಮ್ಮ ಹುಡುಗನ್ನ ಮುಸುರೆ ತಿಕ್ಕೋಕೆ ಕಳಿಸಿದ್ವಾ ಸ್ವಾಮಿ?" ಅಂತ ಕೇಳಿದರು. ಅವರ ನೋವು ಸುಳ್ಳಲ್ಲ. ಮುಸುರೆ ತಿಕ್ಕುವುದು ಯಾರ ಕೆಲಸ ಅಂತ ನಮ್ಮ ಊರುಗಳಲ್ಲಿ ಬಹಳ ಹಿಂದಿನಿಂದ ಗೆರೆ ಎಳೆದಿದ್ದಾರೆ. ಓದಿದರೆ ಆ ಗೆರೆಯ ಆಚೆ ಹೋಗಬಹುದು ಅಂತ ಮಕ್ಕಳನ್ನು ಕಳಿಸುತ್ತಾರೆ. ಮೇಷ್ಟ್ರು ಅವರನ್ನು ಒಳಗೆ ಕರೆದುಕೊಂಡು ಹೋಗಿ, ತಾವೇ ಒಂದು ದೊಡ್ಡ ಬೋಗುಣಿ ತಿಕ್ಕುತ್ತಾ ಮಾತಾಡಿದರು. ಏನು ಮಾತಾಡಿದರು ಅಂತ ನನಗೆ ಕೇಳಿಸಲಿಲ್ಲ. ಹುಡುಗ ಶಾಲೆ ಬಿಡಲಿಲ್ಲ.

ಜಾಸ್ತಿ ಹೆದರಿದ್ದು ನಮ್ಮ ಪಾತ್ರೆ ವಿಭಾಗದ ಅಕ್ಕ. ಹದಿನಾಲ್ಕು ವರ್ಷದಿಂದ ಇದ್ದವರು. ಮಕ್ಕಳೇ ತೊಳೆದರೆ ತನ್ನ ಕೆಲಸ ಹೋಗುತ್ತದೆ ಅಂತ ಅವರು ಎರಡು ದಿನ ಊಟ ಮಾಡಲಿಲ್ಲ. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು. ಕೊನೆಗೆ ಅವರ ಕೆಲಸ ಖಾಯಂ ಅಂತ ಬರೆದು ಕೊಟ್ಟು, ಅವರನ್ನು ಕಿಚನ್ ಸ್ಟೀವರ್ಡಿಂಗ್ ವಿಷಯದ ಪ್ರಾಕ್ಟಿಕಲ್ ಮಾಡಿಸುವವರು ಅಂತ ಮಾಡಿದೆವು. ಜಿಡ್ಡು ಪಾತ್ರೆ ಮೊದಲೋ ಗಾಜು ಮೊದಲೋ, ಸುಟ್ಟ ತಳ ಬಿಡಿಸುವುದು ಹೇಗೆ, ಎಷ್ಟು ಬಿಸಿ ನೀರು, ಎಷ್ಟು ಸೋಪು, ಇದನ್ನೆಲ್ಲ ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಯಾರೂ ಇಲ್ಲ.

ಕೋಲು, ತಕ್ಕಡಿ, ಒಂದು ಪುಟದ ಕಾಗದ

ಮೂರನೇ ವರ್ಷ ಫಿನ್‌ಲ್ಯಾಂಡಿನಿಂದ ನಾಲ್ವರು ಬಂದರು. ಜೊತೆಗೆ ಮೊದಲ ಹತ್ತು ದಿನ ಅವರ ಶಿಕ್ಷಕಿ. ಈ ಸಲ ಬರುವ ಮೊದಲೇ ಎರಡೂ ಕಡೆ ಕೂತು ಪ್ರತಿಯೊಬ್ಬರಿಗೂ ಒಂದು ಪುಟದ ಕಲಿಕೆಯ ಒಪ್ಪಂದ ಬರೆದಿದ್ದೆವು. ದೊಡ್ಡ ಮಾತುಗಳಿಲ್ಲ. 'ಭಾರತೀಯ ಅಡುಗೆ ಪರಿಚಯ' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾವು ಬರೆದದ್ದು ಹೀಗೆ: 'ಇಪ್ಪತ್ತು ಜನಕ್ಕೆ ರಾಗಿ ಮುದ್ದೆ, ಗಂಟಿಲ್ಲದೆ, ಒಬ್ಬರೇ ಮಾಡುವುದು. ದೋಸೆ ಹಿಟ್ಟು ಎರಡು ಬೇರೆ ಬೇರೆ ದಿನದ ಸೆಖೆಗೆ ತಕ್ಕಂತೆ ಹುದುಗಿಸುವುದು. ದೇವರಾಜ ಮಾರುಕಟ್ಟೆಯಲ್ಲಿ ಒಂದು ದಿನದ ತರಕಾರಿ ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ಪ್ರಕಾರ ಖರೀದಿಸಿ ಲೆಕ್ಕ ಒಪ್ಪಿಸುವುದು. ಬಾಳೆ ಎಲೆ ಊಟ ಒಂದು ಪಂಕ್ತಿ ಬಡಿಸುವುದು.' ಪ್ರತಿ ಸಾಲಿನ ಮುಂದೆ ಯಾರು ಕಲಿಸುತ್ತಾರೆ, ಯಾರು ನೋಡಿ ಒಪ್ಪುತ್ತಾರೆ ಅಂತ ಎರಡು ಖಾನೆ. ಅಷ್ಟೆ.

ಮುದ್ದೆಯ ದಿನ ನಾನು ಅಲ್ಲೇ ಇದ್ದೆ. ಎತ್ತರದ ಒಬ್ಬ ಹುಡುಗ. ನೀರು ಕುದಿಸಿ, ಸ್ವಲ್ಪ ಹಿಟ್ಟು ಕದಡಿ ಹಾಕಿ, ಮೇಲೆ ಹಿಟ್ಟು ಗುಡ್ಡೆ ಸುರಿದು, ನಡುವೆ ಕೋಲು ಚುಚ್ಚಿ ಬೇಯಲು ಬಿಟ್ಟ. ಅಲ್ಲಿತನಕ ಸರಿ ಇತ್ತು. ಪಾತ್ರೆ ಕೆಳಗಿಳಿಸಿ, ಅಂಚು ಒತ್ತಿ ಹಿಡಿದು ತೊಳಸಲು ಶುರು ಮಾಡಿದಾಗ ಕೋಲು ಅವನ ಮಾತು ಕೇಳಲಿಲ್ಲ. ಅವನು ತೋಳಿನ ಬಲದಲ್ಲಿ ತಿರುಗಿಸುತ್ತಿದ್ದ. ಪಾಂಡವಪುರದ ಕಡೆಯ ನಮ್ಮ ಹುಡುಗಿ, ಅವನ ಭುಜಕ್ಕೂ ಬರದವಳು, ಕೋಲು ಇಸಿದುಕೊಂಡು ಎರಡು ಸುತ್ತು ತೋರಿಸಿದಳು. "ಸೊಂಟದಿಂದ ತಿರುಗಿಸ್ಬೇಕು, ಕೈ ಸುಮ್ನೆ ಹಿಡ್ಕೊಂಡಿರ್ಬೇಕು" ಅಂತ ಕನ್ನಡದಲ್ಲೇ ಹೇಳಿದಳು. ಅವನಿಗೆ ಅರ್ಥವಾಯಿತು. ಮೂರನೇ ದಿನಕ್ಕೆ ಅವನ ಹಿಟ್ಟು ಗಂಟಿಲ್ಲದೆ ಬಂತು.

ಅವನೇ ಕೇಳಿದ, ಹಿಟ್ಟು ಎಷ್ಟು ಗ್ರಾಮ್, ನೀರು ಎಷ್ಟು ಅಂತ. ಮೊದಲಾಗಿದ್ದರೆ ಮೇಷ್ಟ್ರು "ಕೈಗೆ ಗೊತ್ತಾಗುತ್ತೆ" ಅಂತ ಹೇಳಿ ಮುಗಿಸುತ್ತಿದ್ದರು. ಈ ಸಲ ಅವರು ತಕ್ಕಡಿ ತಂದಿಟ್ಟರು. ಮೂರು ದಿನ ತೂಗಿ ತೂಗಿ ಮಾಡಿದರು. ಆಗ ಒಂದು ವಿಷಯ ಎದ್ದು ಕಂಡಿತು. ಮಂಡ್ಯದ ಗಿರಣಿಯಲ್ಲಿ ಬೀಸಿ ತಂದ ಹಿಟ್ಟಿಗೂ ಪ್ಯಾಕೆಟ್ ಹಿಟ್ಟಿಗೂ ನೀರು ಒಂದೇ ಅಲ್ಲ. ಮನೆಯಲ್ಲಿ ಮುದ್ದೆ ಮಾಡುವ ಎಲ್ಲ ತಾಯಂದಿರಿಗೂ ಗೊತ್ತಿರುವ ಸಂಗತಿಯೇ. ಆದರೆ ಅದನ್ನು ಕಾಗದದ ಮೇಲೆ ಬರೆದವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಲ್ಲ. ಈಗ ಎರಡೂ ಹಿಟ್ಟಿಗೆ ಬೇರೆ ಬೇರೆ ಸ್ಟ್ಯಾಂಡರ್ಡ್ ರೆಸಿಪಿ ಕಾರ್ಡ್ ಇದೆ. ಮುದ್ದೆ ಮುಟ್ಟಿಯೇ ನೋಡದ ಕರಾವಳಿ ಕಡೆಯ ನಮ್ಮದೇ ಮಕ್ಕಳು ಅದನ್ನು ನೋಡಿಕೊಂಡು ಕಲಿಯುತ್ತಾರೆ. ಹೊರಗಿನವರು ಬಂದು ನಮಗೆ ಕೊಟ್ಟು ಹೋದದ್ದು ಏನು ಅಂತ ಯಾರಾದರೂ ಕೇಳಿದರೆ ನಾನು ಆ ಕಾರ್ಡ್ ತೋರಿಸುತ್ತೇನೆ.

ವೀಸಾ, ಪೊಲೀಸ್, ದುಡ್ಡು

ನಮಗೆ ಗೊತ್ತಿಲ್ಲದೆ ತಡವರಿಸಿದ ಜಾಗಗಳನ್ನಷ್ಟೇ ಹೇಳುತ್ತೇನೆ. ಬರುವ ಮಕ್ಕಳಿಗೆ ಇ-ಟೂರಿಸ್ಟ್ ವೀಸಾ ಸಾಕು ಅಂದುಕೊಂಡಿದ್ದೆವು. ಆ ವೀಸಾದಲ್ಲಿ ಅಡುಗೆಯಂಥ ಚಿಕ್ಕ ಕಲಿಕೆಗೆ ಅವಕಾಶ ಇದೆ, ಆದರೆ ಅದು ಕ್ರಮಬದ್ಧ ಕೋರ್ಸ್ ಆಗಿರಬಾರದು, ಅರ್ಹತೆಯ ಪ್ರಮಾಣಪತ್ರ ಕೊಡುವಂತಿಲ್ಲ. ನಮ್ಮದು ವೇಳಾಪಟ್ಟಿ, ಮೌಲ್ಯಮಾಪನ ಎಲ್ಲ ಇರುವ ಕಲಿಕೆ. ಹಾಗಾಗಿ ವಿದ್ಯಾರ್ಥಿ ವೀಸಾವನ್ನೇ ಹಾಕಿಸಿದೆವು. ತಯಾರಿಗೆ ಸಮಯ ಜಾಸ್ತಿ ಬೇಕಾಯಿತು, ಆದರೆ ಮನಸ್ಸಿಗೆ ನೆಮ್ಮದಿ ಇತ್ತು.

ವಿದೇಶಿಯರನ್ನು ಉಳಿಸಿಕೊಂಡವರು ಅವರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿ ಅಧಿಕಾರಿಗಳಿಗೆ ತಿಳಿಸಬೇಕು. ಆಗ ಆ ಅರ್ಜಿಗೆ ಫಾರ್ಮ್ ಸಿ ಅನ್ನುತ್ತಿದ್ದರು. ಇದು ಹೋಟೆಲ್‌ಗಳಿಗೆ ಮಾತ್ರ ಅಲ್ಲ, ಹಾಸ್ಟೆಲ್‌ಗೂ, ಮನೆಗೂ ಅನ್ವಯ. ನಮ್ಮ ಪಾಂಡವಪುರದ ಹುಡುಗಿ ಇಬ್ಬರು ಗೆಳತಿಯರನ್ನು ಊರಿಗೆ ಕರೆದುಕೊಂಡು ಹೋಗಬೇಕು, ಆಲೆಮನೆ ತೋರಿಸಬೇಕು ಅಂದಾಗ ಅವರ ಮನೆಯ ಹೆಸರಿನಲ್ಲೂ ಫಾರ್ಮ್ ಸಿ ತುಂಬಿಸಿದೆವು. ಅವಳ ಅಜ್ಜಿಗೆ ಪೊಲೀಸ್ ಅನ್ನುವ ಮಾತು ಕೇಳಿಯೇ ಗಾಬರಿ. ಅಲ್ಲಿಗೇ ಹೋಗಿ ಕೂತು ವಿವರಿಸಿ ಬಂದೆ. ಆ ಎರಡು ರಾತ್ರಿ ಬಂದವರಿಗೆ ಬಿಸಿ ಬೆಲ್ಲದ ಪಾಕ ಎಲೆ ಮೇಲೆ ಹಾಕಿಕೊಟ್ಟರಂತೆ. ಒಲೆಗೆ ಒಣಗಿದ ಸಿಪ್ಪೆ ಎಸೆಯುವ ಕೆಲಸವನ್ನೂ ಕೊಟ್ಟರಂತೆ. ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೆಲಸ ಕೊಡಬೇಕು ಅಂತ.

ದುಡ್ಡಿನ ವಿಷಯಕ್ಕೆ ಬಂದರೆ, ವಿದೇಶದಿಂದ ದೇಣಿಗೆ ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ವಿದೇಶಿ ವಿದ್ಯಾರ್ಥಿಯಿಂದ ಪಡೆಯುವ ಶುಲ್ಕ ಅದರೊಳಗೆ ಬರುವುದಿಲ್ಲ, ಆದರೆ ಪಾಲುದಾರ ಶಾಲೆ ಪ್ರೀತಿಯಿಂದ ಕಳಿಸುವ ಸಹಾಯಧನ ಬರುತ್ತದೆ. ನಮ್ಮ ಟ್ರಸ್ಟ್‌ಗೆ ಆ ನೋಂದಣಿ ಇರಲಿಲ್ಲ. ಹಾಗಾಗಿ ಒಂದು ರೂಪಾಯಿಯೂ ಆಚೆ ಈಚೆ ಹೋಗದ ಹಾಗೆ ಯೋಜನೆ ಮಾಡಿದೆವು. ಹೋಗುವವರ ಟಿಕೆಟ್ ಕಳಿಸುವ ಶಾಲೆಯದು. ಊಟ, ವಸತಿ, ಕಲಿಕೆ ಕರೆಸಿಕೊಳ್ಳುವ ಶಾಲೆಯದು. ತಲೆಗೆ ತಲೆ. ಅವರ ನಾಲ್ವರನ್ನು ನಾವು ಸಾಕಿದರೆ ನಮ್ಮ ನಾಲ್ವರನ್ನು ಅವರು ಸಾಕುತ್ತಾರೆ.

ಉಳಿದದ್ದು ನಮ್ಮ ಮಕ್ಕಳ ಟಿಕೆಟ್. ಅದಕ್ಕೆ ದಸರಾ ಆಹಾರ ಮೇಳದಲ್ಲಿ ಮಳಿಗೆ ಹಾಕಿದೆವು. ಹಗಲು ರಾತ್ರಿ ದುಡಿದ ಮಕ್ಕಳೆಲ್ಲರ ದುಡ್ಡಿನಲ್ಲಿ ನಾಲ್ವರು ಮಾತ್ರ ಹೋಗುವುದು ನ್ಯಾಯವಾ ಅನ್ನುವ ಪ್ರಶ್ನೆಯೂ ಬಂತು. ಅದಕ್ಕೇ ಆಯ್ಕೆಯ ರೀತಿಯನ್ನು ಬದಲಿಸಿದೆವು. ಮೊದಲು ಪಾಸ್‌ಪೋರ್ಟ್ ಇದ್ದವರು, ಇಂಗ್ಲಿಷ್ ಬರುವವರು, ಅಪ್ಪ ಅಮ್ಮ ಹಣ ಕಟ್ಟಬಲ್ಲವರು ತಾನಾಗಿ ಮುಂದೆ ಬರುತ್ತಿದ್ದರು. ಈಗ ಮೊದಲ ವರ್ಷದ ಎಲ್ಲರಿಗೂ ಪಾಸ್‌ಪೋರ್ಟ್ ಮಾಡಿಸುತ್ತೇವೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ ದೇಶದಲ್ಲಿ ಮೊದಲು ಶುರುವಾದದ್ದೇ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಅದಕ್ಕಾಗಿ ಬೆಂಗಳೂರಿಗೆ ಓಡಾಡುವ ಕಷ್ಟ ಇಲ್ಲ. ಆಯ್ಕೆ ಮಾಡುವುದು ಮೇಷ್ಟ್ರು, ಸ್ಟೋರ್ ನೋಡಿಕೊಳ್ಳುವವರು ಮತ್ತು ಪಾತ್ರೆ ವಿಭಾಗದ ಅಕ್ಕ. ಇಡೀ ವರ್ಷ ಯಾರು ಹೇಗೆ ಕೆಲಸ ಮಾಡಿದರು ಅಂತ ಈ ಮೂವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಇಂಗ್ಲಿಷ್ ಅನ್ನು ಆಯ್ಕೆಯ ನಂತರ ನಾಲ್ಕು ತಿಂಗಳು ಕಲಿಸುತ್ತೇವೆ.

ನಮ್ಮವರು ಹೋದಾಗ

ಆರು ವಾರ, ವಾರಕ್ಕೆ 35 ಗಂಟೆ, ಒಟ್ಟು 210 ಗಂಟೆ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್. ಹಾಗಾದರೆ 7 ಕ್ರೆಡಿಟ್. ಅವರದು ಗಂಟೆಯ ಲೆಕ್ಕವಲ್ಲ, ಕೌಶಲದ ಲೆಕ್ಕ. ಎರಡನ್ನೂ ಸೂತ್ರ ಹಾಕಿ ಬದಲಿಸಲು ಹೋಗಲಿಲ್ಲ. ಅಲ್ಲಿ ಮಾಡುವ ಯಾವ ಕೆಲಸ ಇಲ್ಲಿನ ಯಾವ ವಿಷಯಕ್ಕೆ ಸಮ ಅಂತ ಹೋಗುವ ಮೊದಲೇ ಬರೆದು ಪರೀಕ್ಷಾ ವಿಭಾಗದ ಸಹಿ ತೆಗೆದುಕೊಂಡೆವು. ಮೊಟ್ಟೆ ಕೌಂಟರ್‌ನ ಹುಡುಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಈ ಸಹಿ ಇಲ್ಲದೆ ನಾನು ಟಿಕೆಟ್ ತೆಗೆಸುವುದಿಲ್ಲ.

ದನದ ಮಾಂಸ, ಹಂದಿ ಮಾಂಸ ಮುಟ್ಟುವ ವಿಷಯವನ್ನೂ ಅದೇ ಕಾಗದದಲ್ಲಿ ಬರೆಸುತ್ತೇವೆ. ಮುಟ್ಟುವುದಿಲ್ಲ ಅನ್ನುವವರಿಗೆ ಬೇಕರಿ, ಮೀನು, ತರಕಾರಿ ವಿಭಾಗ ಮೊದಲೇ ಗೊತ್ತು ಮಾಡಿದರೆ ಅಲ್ಲಿ ಹೋಗಿ ಮುಜುಗರ ಪಡುವುದು ತಪ್ಪುತ್ತದೆ. ಫಿನ್‌ಲ್ಯಾಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ 180 ದಿನದಲ್ಲಿ 90 ದಿನ ಮಾತ್ರ. ಕನಿಷ್ಠ 30,000 ಯೂರೊ ವಿಮೆ ಬೇಕು.

ಮೊದಲ ತಂಡವನ್ನು ನವೆಂಬರ್‌ನಲ್ಲಿ ಕಳಿಸಿದ್ದು ದೊಡ್ಡ ತಪ್ಪು. ಆ ತಿಂಗಳ ಕೊನೆಗೆ ಹೆಲ್ಸಿಂಕಿ ಸುತ್ತ ಹಗಲು ಏಳು ಗಂಟೆಗೂ ಕಡಿಮೆ. ನಮ್ಮ ಒಬ್ಬ ಹುಡುಗ, ಮನೆಯಿಂದ ಒಂದು ರಾತ್ರಿಯೂ ದೂರ ಇರದವನು, ಕತ್ತಲಲ್ಲೇ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಕೋಣೆಗೆ ಬಂದು ಕುಗ್ಗಿ ಹೋದ. ಹತ್ತನೇ ದಿನ ವಾಪಸ್ ಕರೆಸಿಕೊಂಡೆವು. ಅವನನ್ನು ಯಾರೂ ಬೈಯಲಿಲ್ಲ, ಆದರೂ ಅವನು ತಿಂಗಳುಗಟ್ಟಲೆ ನನ್ನ ಮುಖ ನೋಡಲಿಲ್ಲ. ಈಗ ಆಗಸ್ಟ್ ಕೊನೆಗೆ ಕಳಿಸುತ್ತೇವೆ. ಇಬ್ಬಿಬ್ಬರನ್ನು ಒಂದೇ ಕೋಣೆಯಲ್ಲಿ ಇರಿಸುತ್ತೇವೆ.

ಉಳಿದ ಮೂವರಲ್ಲಿ ಒಬ್ಬಳು ನಂಜನಗೂಡಿನವಳು. ಅಲ್ಲಿ ಬೇಕರಿ ವಿಭಾಗಕ್ಕೆ ಹೋದಳು. ಫಿನ್‌ಲ್ಯಾಂಡಿನವರು 2017ರಲ್ಲಿ ಮತ ಹಾಕಿ ರೈ ಬ್ರೆಡ್ಡನ್ನು ತಮ್ಮ ರಾಷ್ಟ್ರೀಯ ತಿನಿಸು ಅಂತ ಆರಿಸಿಕೊಂಡರು. ರೈ ಅಂದರೆ ಚಳಿ ನಾಡಿನ ಒಂದು ಧಾನ್ಯ. ಅದರ ಹಿಟ್ಟನ್ನು ಹುಳಿ ಬರಿಸಿ ಬೇಯಿಸುತ್ತಾರೆ. ಹಳೆಯ ಹುಳಿ ಹಿಟ್ಟು ಸ್ವಲ್ಪ ಉಳಿಸಿ ಹೊಸದಕ್ಕೆ ಸೇರಿಸುವುದನ್ನು ನೋಡಿ ಅವಳಿಗೆ ಮನೆಯ ಮೊಸರಿನ ಹೆಪ್ಪು ನೆನಪಾಯಿತಂತೆ. ಅಲ್ಲಿಂದ ಬಂದವಳು ರಾಗಿ ಸೇರಿಸಿ ಅದೇ ರೀತಿಯ ಬ್ರೆಡ್ ಮಾಡಲು ಹೊರಟಳು. ಮೊದಲ ಹಲವು ಸಲ ಇಟ್ಟಿಗೆಯ ಹಾಗೆ ಬಂತು, ಯಾಕೆಂದರೆ ರಾಗಿಯಲ್ಲಿ ಹಿಟ್ಟನ್ನು ಹಿಗ್ಗಿಸಿ ಹಿಡಿದುಕೊಳ್ಳುವ ಗ್ಲುಟೆನ್ ಇಲ್ಲ. ಗೋಧಿ ಜಾಸ್ತಿ ಮಾಡುತ್ತಾ, ಬರೆದುಕೊಳ್ಳುತ್ತಾ ಈಗ ಹದಕ್ಕೆ ತಂದಿದ್ದಾಳೆ. ಟ್ರೈನಿಂಗ್ ರೆಸ್ಟೋರೆಂಟಿನಲ್ಲಿ ಶನಿವಾರ ಸಿಗುತ್ತದೆ.

ಎಲ್ಲವೂ ಸರಿಹೋಗಿಲ್ಲ. ಹೋಗಿ ಬಂದ ಮಕ್ಕಳಲ್ಲಿ ಕೆಲವರಿಗೆ ಇಲ್ಲಿನ ಸಂಬಳ ಸಪ್ಪೆ ಅನ್ನಿಸುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೋಧಕರು ಹೋಗಿ ಬಂದರೆ ಆ ಕಲಿಕೆ ಶಾಲೆಯಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೇ ಖರ್ಚು ಎಷ್ಟೇ ಬಿಗಿಯಾದರೂ ಸಿಬ್ಬಂದಿಯ ಪಾಲನ್ನು ಕಡಿಮೆ ಮಾಡಬೇಡಿ ಅಂತ ನಾನು ಪ್ರತಿ ವರ್ಷ ಬಜೆಟ್ ಸಭೆಯಲ್ಲಿ ಜಗಳವಾಡುತ್ತೇನೆ.

ಈ ವರ್ಷದ ಸಿಬ್ಬಂದಿ ಪಟ್ಟಿಯಲ್ಲಿ ಪಾತ್ರೆ ವಿಭಾಗದ ಅಕ್ಕನ ಹೆಸರಿದೆ. ಎರಡು ವಾರ. ಅವರು ಏಳನೇ ಕ್ಲಾಸಿನವರೆಗೆ ಓದಿದವರು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ವಲಸೆ ಅನುಮತಿ ಬೇಕು, ಅಂತ ಗುರುತು ಹಾಕುತ್ತಾರೆ. ಕಚೇರಿಯಲ್ಲಿ ಒಬ್ಬರು ಅದನ್ನು ಹೇಳಿದ ಕೂಡಲೇ ಅಕ್ಕ, "ಹಂಗಾದ್ರೆ ಬಿಡಿ ಸಾರ್" ಅಂದುಬಿಟ್ಟರು. ಆ ಗುರುತು ಇದ್ದವರು ವಲಸೆ ಅನುಮತಿ ಪಡೆಯಬೇಕಾದದ್ದು ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ, ಫಿನ್‌ಲ್ಯಾಂಡ್ ಆ ಪಟ್ಟಿಯಲ್ಲಿ ಇಲ್ಲ ಅಂತ ತೋರಿಸಿದ ಮೇಲೆ ಅರ್ಜಿ ಹಾಕಿದೆವು. ಪಾಸ್‌ಪೋರ್ಟ್ ಕಳೆದ ವಾರ ಬಂತು. ಅವರ ಒಂದು ಪುಟದ ಒಪ್ಪಂದ ಮೊನ್ನೆ ಕೂತು ಬರೆದೆವು. ಅಲ್ಲಿ ಉಳಿದ ಆಹಾರವನ್ನು ತೂಗುವುದು, ಕಸ ಬೇರೆ ಮಾಡುವುದನ್ನು ನೋಡಿ ಬರುವುದು ಅಂತ ನಾನು ಬರೆದೆ. ಅಕ್ಕ ಓದಿಸಿಕೊಂಡು, ಇನ್ನೊಂದು ಸಾಲು ಸೇರಿಸಿ ಅಂದರು. ಸುಟ್ಟ ತಳದ ಪಾತ್ರೆಯನ್ನು ಬೂದಿ, ಹುಣಸೆಹಣ್ಣು ಹಾಕಿ ಬಿಡಿಸುವುದನ್ನು ಅಲ್ಲಿನ ಮಕ್ಕಳಿಗೆ ತೋರಿಸಬೇಕಂತೆ. 'ಯಾರು ಕಲಿಸುತ್ತಾರೆ' ಅನ್ನುವ ಖಾನೆಯಲ್ಲಿ ಅವರೇ ತಮ್ಮ ಹೆಸರು ಬರೆದರು. ಹುಣಸೆಹಣ್ಣು ಇಲ್ಲಿಂದಲೇ ತೆಗೆದುಕೊಂಡು ಹೋಗುತ್ತಾರೆ. ಬೂದಿ ಅಲ್ಲಿ ಸಿಗುತ್ತದಾ ಅಂತ ನಾನಿನ್ನೂ ಆ ಶಿಕ್ಷಕಿಗೆ ಬರೆದು ಕೇಳಬೇಕು.